ಹಮ್ಮಣ್ಣನ ನಿದ್ದೆ, ನನ್ನ ಚೀಟಿ

ಹಮ್ಮಣ್ಣನ ಗೊರಕೆಗೆ ನಮ್ಮ ಕೊಪ್ಪದಲ್ಲಿ ನಗದವರಿಲ್ಲ. ನಾನೂ ನಕ್ಕಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಬಂದು ನನ್ನ ಮುಖದ ಮೇಲೆ ಹೇಳುವುದು ಬೇಡ. ಅಘನಾಶಿನಿ ಹೊಳೆ ಅಗಲವಾಗಿ ಹರಡಿ ಸಮುದ್ರ ಸೇರುವ ಕಡೆ ಇಪ್ಪತ್ತಾರು ಮನೆಗಳ ಕೊಪ್ಪ ನಮ್ಮದು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದು ದಾಸವಾಳದ ಬೇಲಿ. ಅವನು ಮಲಗಿದರೆ ನಮ್ಮ ಅಡುಗೆಮನೆಯ ತಟ್ಟೆ ಅಲ್ಲಾಡುತ್ತದೆ ಎಂದು ನನ್ನ ಅಪ್ಪ ಹೇಳುತ್ತಿದ್ದ. ಆ ಸದ್ದು ನಿಂತಾಗ ಹೆದರಬೇಕು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾನು ಉಮಾ. ಹದಿನಾಲ್ಕು ವರ್ಷದಿಂದ ಈ ಭಾಗದ ಆಶಾ ಕಾರ್ಯಕರ್ತೆ. ಹಮ್ಮಣ್ಣ, ಅಂದರೆ ಹಮ್ಮ ಗೌಡ, ನನ್ನ ದೊಡ್ಡಪ್ಪನ ಮಗ. ಈಗ ಐವತ್ತಾರು. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಜೋರು ಮಾಡದಿದ್ದರೆ ಇಲ್ಲಿ ಯಾರೂ ಒಂದು ಮಾತ್ರೆ ನುಂಗುವುದಿಲ್ಲ, ಯಾವ ಮಗುವಿಗೂ ಲಸಿಕೆ ಆಗುವುದಿಲ್ಲ. ನನ್ನ ಬೈಗುಳದಿಂದ ಬದುಕಿ ಉಳಿದವರು ಈ ಕೊಪ್ಪದಲ್ಲಿ ಆರು ಜನ ಇದ್ದಾರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಆ ಮಾತು ಆಡುವುದಿಲ್ಲ.

ಹಮ್ಮಣ್ಣನ ಕೆಲಸ ಜಂತ್ರಡಿ ಕಾಯುವುದು. ಹೊಳೆಯ ಉಪ್ಪುನೀರಿಗೂ ತಗ್ಗಿನಲ್ಲಿರುವ ನಮ್ಮ ಗಜನಿ ಗದ್ದೆಗಳಿಗೂ ನಡುವೆ ಮಣ್ಣಿನ ಕಟ್ಟೆ ಇದೆ. ಆ ಕಟ್ಟೆಯ ಬಾಯಿಗೆ ಕೂರಿಸಿದ ಹಲಗೆಯ ಬಾಗಿಲೇ ಜಂತ್ರಡಿ. ಭರತಿ, ಅಂದರೆ ಸಮುದ್ರದ ಉಬ್ಬರ, ಏರುವ ಮೊದಲು ಏಳು ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಉಪ್ಪುನೀರು ಒಳಗೆ ಬಾರದಂತೆ ಮುಚ್ಚಬೇಕು. ಇಳಿತವಾದಾಗ ಹಲಗೆ ಎತ್ತಿ, ಗದ್ದೆಯಲ್ಲಿ ನಿಂತ ಮಳೆನೀರನ್ನು ಹೊಳೆಗೆ ಬಿಡಬೇಕು. ದಿನಕ್ಕೆ ಎರಡು ಭರತಿ, ಎರಡು ಇಳಿತ, ದಿನದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋಗುತ್ತವೆ. ಗಡಿಯಾರ ನೋಡಿದರೆ ಆಗುವುದಿಲ್ಲ, ತಿಥಿ ನೋಡಬೇಕು. ಅವನ ಅಪ್ಪ ಮಾಡುತ್ತಿದ್ದ ಕೆಲಸ ಅದು, ಅಪ್ಪನ ನಂತರ ಮೂವತ್ತೊಂದು ವರ್ಷದಿಂದ ಅವನದು. ಮಳೆಗಾಲದಲ್ಲಿ ಏಡಿಗಳು ಕಟ್ಟೆಗೆ ತೂತು ಕೊರೆಯುತ್ತವೆ. ರಾತ್ರಿಯ ಭರತಿಯಲ್ಲಿ ಯಾರೂ ನೋಡದಿದ್ದರೆ ಬೆರಳು ಹೋಗುವ ತೂತಿನಲ್ಲಿ ಬೆಳಗಾಗುವಷ್ಟರಲ್ಲಿ ಎಮ್ಮೆ ಹೋಗಬಹುದು. ಅದಕ್ಕೇ ಜೂನಿನಿಂದ ಸೆಪ್ಟೆಂಬರಿನ ತನಕ ಅವನು ರಾತ್ರಿಯೆಲ್ಲ ಟಾರ್ಚು ಹಿಡಿದು ಕಟ್ಟೆಯ ಮೇಲೆ ನಡೆಯುತ್ತಾನೆ, ಬೆಳಿಗ್ಗೆ ಹಲಗೆ ಇಳಿಸಿ ಜಂತ್ರಡಿಯ ಪಕ್ಕದ ಗುಡಿಸಲಿನಲ್ಲಿ ಹಗಲು ಮಲಗುತ್ತಾನೆ. ಇದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಗೊತ್ತಿತ್ತು ಎಂಬುದನ್ನು ನೀವು ನೆನಪಿಡಿ.

ಮೂವತ್ತೊಂದು ವರ್ಷದಲ್ಲಿ ಅವನು ಒಂದು ಭರತಿಯನ್ನೂ ತಪ್ಪಿಸಿರಲಿಲ್ಲ. ಮದುವೆಯ ದಿನ ಬಾಸಿಂಗ ಬಿಚ್ಚಿಟ್ಟು ಹೋಗಿ ಹಲಗೆ ಇಳಿಸಿ ಬಂದವನು. ಅವನ ಹೆಂಡತಿ ಲಕ್ಕಿ ಅತ್ತಿಗೆ ಇವತ್ತಿಗೂ ಅದನ್ನು ಹೇಳಿ ಕೆಣಕುತ್ತಾಳೆ. "ನಂಗಿಂತ ಮೊದ್ಲು ಹಲಗೆ ಕೈ ಹಿಡ್ದಾಂವ ಇಂವ" ಎನ್ನುತ್ತಾಳೆ. ಅವನು ತಲೆ ತಗ್ಗಿಸಿ ನಗುತ್ತಾನೆ. ಹೆಚ್ಚು ಮಾತಿನ ಮನುಷ್ಯನಲ್ಲ. ದೊಡ್ಡ ಮೈ, ದಪ್ಪ ಕುತ್ತಿಗೆ, ಮೆತ್ತಗಿನ ಸ್ವರ. ಯಾರಾದರೂ ಗದರಿದರೆ ಎದುರು ಮಾತಾಡುವುದಿಲ್ಲ, ಎದ್ದು ಕಟ್ಟೆಗೆ ಹೋಗಿಬಿಡುತ್ತಾನೆ.

ಎರಡು ವರ್ಷದ ಹಿಂದೆ ಅವನು ಕೂತಲ್ಲೇ ತೂಗಲು ಶುರುಮಾಡಿದ. ಮಾತಾಡುತ್ತ ಮಾತಾಡುತ್ತ ಕಣ್ಣು ಮುಚ್ಚುವುದು, ಊಟದ ತುತ್ತು ಕೈಯಲ್ಲೇ ಉಳಿಯುವುದು. ಒಂದು ದಿನ ಬೀಡಿ ಕೈಯಲ್ಲಿದ್ದಂತೆಯೇ ನಿದ್ದೆ ಹೋಗಿ ಪಂಚೆ ಸುಟ್ಟುಕೊಂಡ. ವಯಸ್ಸಾಯಿತು, ಹೊಟ್ಟೆ ಬಂತು ಎಂದು ಎಲ್ಲರೂ ನಕ್ಕೆವು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಲಕ್ಕಿ ಅತ್ತಿಗೆ ಕೊಡ ಕೆಳಗಿಟ್ಟು ನನ್ನ ಕೈ ಹಿಡಿದಳು.

"ಉಮಾ, ನಿನ್ನ ಅಣ್ಣನ ಗೊರಕೆ ನಿಲ್ತದೆ ಮಾರಾಯ್ತಿ."

"ನಿಂತ್ರೆ ಒಳ್ಳೇದೇ ಆತಲ್ಲ ಅತ್ತಿಗೆ. ನೀನೂ ಸಮಾ ಮಲಗು."

"ಗೊರಕೆ ಅಲ್ಲ. ಉಸ್ರೇ ನಿಲ್ತದೆ. ಎದೆ ಏಳ್ತದೆ, ಹೊಟ್ಟೆ ಏಳ್ತದೆ, ಗಾಳಿ ಮಾತ್ರ ಒಳಗೆ ಹೋಗೂದಿಲ್ಲ. ನಾ ಎದೆ ಮೇಲೆ ಕೈ ಇಟ್ಕಂಡು ಕೂತ್ಕಳ್ತೆ. ಮತ್ತೆ ಒಂದ್ಸಲ ಗಕ್ ಅಂತ ಎಳ್ಕಳ್ತಾ. ನಂಗೆ ಹೆದ್ರಿಕೆ ಆತದೆ. ನಾ ನಿದ್ದೆ ಮಾಡಿ ಆರು ತಿಂಗ್ಳಾತು."

ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದೆ. ಅತ್ತಿಗೆಗೆ ಗಡಿಯಾರದ ಅಭ್ಯಾಸವಿಲ್ಲ. ಗದ್ದೆಯಲ್ಲಿ ಸಸಿ ನಟ್ಟಿ ಮಾಡುವಾಗ ಹೆಂಗಸರು ಹೇಳುವ ಹಾಡಿನಿಂದ ಅಳೆದಿದ್ದಳು. ಉಸಿರು ನಿಂತ ಕೂಡಲೇ ಮನಸ್ಸಿನಲ್ಲೇ ಹಾಡು ಶುರುಮಾಡುತ್ತಾಳಂತೆ, ಒಂದು ಸೊಲ್ಲು ಮುಗಿಯುವಷ್ಟರಲ್ಲಿ ಉಸಿರು ಬಂದರೆ ದೇವರು ದೊಡ್ಡವನು. ಎರಡು ಸೊಲ್ಲಿಗೆ ಅವಳ ಕೈಕಾಲು ತಣ್ಣಗಾಗುತ್ತವೆ. "ಮೊನ್ನೆ ನಾಲ್ಕು ಸೊಲ್ಲು ಆತು" ಎಂದಳು.

ಕುಮಟೆಯ ಕಿವಿ, ಮೂಗು, ಗಂಟಲಿನ ಡಾಕ್ಟರ ಬಳಿ ಇಬ್ಬರನ್ನೂ ಕರೆದುಕೊಂಡು ಹೋದೆ. ನಾಲ್ಕು ಸೊಲ್ಲು ಎಂದರೆ ಎಷ್ಟು ಎಂದು ಡಾಕ್ಟರು ಕೇಳಿದರು. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದು ಸಣ್ಣ ಸ್ವರದಲ್ಲಿ ನಾಲ್ಕು ಸೊಲ್ಲು ಹಾಡಿದಳು. ಡಾಕ್ಟರು ಗಡಿಯಾರ ನೋಡುತ್ತ ಕೂತರು. ಹಾಡು ಮುಗಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ. "ನಲವತ್ತು ಸೆಕೆಂಡು" ಎಂದರು. ಹಮ್ಮಣ್ಣ ಆಗಲೂ ಕುರ್ಚಿಯಲ್ಲಿ ತೂಗುತ್ತಿದ್ದ.

ಒಂದು ರಾತ್ರಿಯ ಮಟ್ಟಿಗೆ ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ನಳಿಗೆ ಕಟ್ಟಿ ಮನೆಗೆ ಕಳಿಸಿದರು. ಗಂಟೆಗೆ ಐವತ್ತೆರಡು ಸಲ ಉಸಿರು ನಿಂತಿದೆ ಅಥವಾ ಕುಗ್ಗಿದೆ ಎಂದು ಅದರಲ್ಲಿ ಬಂತು. ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲವಾಗಿ ಕುಸಿದು ಗಾಳಿಯ ದಾರಿ ಮುಚ್ಚುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ಕುಸಿಯುತ್ತದೆ. ರಾತ್ರಿಯಿಡೀ ಹೀಗಾದರೆ ಎದೆಗೂ ಬಿ.ಪಿ.ಗೂ ಕೆಟ್ಟದ್ದು, ಹಗಲು ಎಲ್ಲೆಂದರಲ್ಲಿ ತೂಕಡಿಕೆ. ಡಾಕ್ಟರು ಇದನ್ನೆಲ್ಲ ಹೇಳಿದಾಗ ಹಮ್ಮಣ್ಣ ಮೊದಲ ಸಲ ಬಾಯಿ ಬಿಟ್ಟ.

"ಜಂತ್ರಡಿ ತನ್ನಷ್ಟಕ್ಕೇ ಬಿದ್ದ ಹಾಂಗೆ."

"ಹಾಗೇ. ಅದು ಬೀಳದ ಹಾಗೆ ಗಾಳಿ ಒತ್ತಿ ಹಿಡಿಯುವ ಮಿಷನ್ ಇದೆ" ಎಂದರು ಡಾಕ್ಟರು. ಅದಕ್ಕೆ ಸಿಪ್ಯಾಪ್ ಎಂದು ಹೆಸರು. ಗದ್ದೆಯವರೆಲ್ಲ ಸೇರಿ ಅದನ್ನು ತರಿಸಿಕೊಟ್ಟರು.

ಏಪ್ರಿಲ್ ಕೊನೆಗೆ ಹೊನ್ನಾವರದಿಂದ ಸಂಜಯ ಎಂಬ ಟೆಕ್ನಿಷಿಯನ್ ಬೈಕಿನಲ್ಲಿ ಮಿಷನ್ ತಂದ. ಸಾವಧಾನದ ಹುಡುಗ. ಮುಖವಾಡವನ್ನು ಹಮ್ಮಣ್ಣನ ಮೂಗಿಗೆ ಕೂರಿಸಿ, ಪಟ್ಟಿಯನ್ನು ಎಳೆದು ಬಿಗಿಯುವುದು ಬೇಡ, ಕೆನ್ನೆಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು ಎಂದ. ಗಾಳಿ ಬದಿಯಿಂದ ಸೋರಿ ಕಣ್ಣಿಗೆ ಹೊಡೆದರೆ ಪಟ್ಟಿ ಬಿಗಿಯುವ ಮೊದಲು ಮಲಗಿಕೊಂಡೇ ಮುಖವಾಡ ಸರಿಪಡಿಸಿ ನೋಡಬೇಕು. ಮಲಗುವ ಮೊದಲು ಮುಖ ತೊಳೆಯಬೇಕು, ಎಣ್ಣೆ ಹಚ್ಚಿದ ಮುಖಕ್ಕೆ ಅದು ನಿಲ್ಲುವುದಿಲ್ಲ. ಹಮ್ಮಣ್ಣ ತಲೆಯಿಂದ ಗಲ್ಲದವರೆಗೆ ತೆಂಗಿನೆಣ್ಣೆ ಹಚ್ಚುವವನು, ಅವನಿಗೆ ಅದೇ ಕಷ್ಟವಾಯಿತು. ಮಿಷನ್ನಿನ ತೊಟ್ಟಿಗೆ ನಮ್ಮ ಬಾವಿಯ ನೀರು ಹಾಕಲೇಬಾರದು, ಉಪ್ಪು ಕಟ್ಟುತ್ತದೆ. ಅಂಗಡಿಯ ಡಿಸ್ಟಿಲ್ಡ್ ನೀರನ್ನೇ ಹಾಕಿ, ಉಳಿದದ್ದನ್ನು ದಿನಾ ಚೆಲ್ಲಬೇಕು. ನೆಲದ ಮೇಲೆ ಚಾಪೆ ಹಾಸಿ ಮಲಗುವವರಾದರೆ ಮಿಷನ್ನೂ ನೆಲದಲ್ಲೇ ಇರಲಿ, ಎತ್ತರದ ಗೂಡಿನಲ್ಲಿಟ್ಟರೆ ನಳಿಗೆಯಲ್ಲಿ ನೀರಿಳಿದು ಮೂಗಿಗೆ ಬರುತ್ತದೆ ಎಂದ. ಕೊನೆಗೆ ಇನ್ನೊಂದು ಮಾತು ಹೇಳಿದ. "ಮಲಗುವಾಗೆಲ್ಲ ಹಾಕ್ಕೊಳ್ಳಿ." ನಾನು ತಲೆಯಾಡಿಸಿದೆ.

ಮೊದಲ ವಾರ ಹಮ್ಮಣ್ಣನ ಭಯ ನೋಡಿ ನನಗೇ ಅಳು ಬಂತು. ಕುತ್ತಿಗೆಯ ತನಕ ಏರಿದ ಹೊಳೆಯಲ್ಲಿ ನಿಂತು ಹಲಗೆ ಎಳೆಯುವ ಮನುಷ್ಯ, ಒಂದು ನಳಿಗೆಯ ಗಾಳಿಗೆ ಹೆದರಿ ಮುಖವಾಡ ಕಿತ್ತೆಸೆದು ಅಂಗಳಕ್ಕೆ ಓಡಿದ. "ಮುಳುಗಿದ ಹಾಂಗೆ ಆತದೆ ಉಮಾ. ಬಾಯಿ ತೆಗೂಕೆ ಆಗೂದಿಲ್ಲ" ಎಂದ. ಸಂಜಯನಿಗೆ ಫೋನು ಮಾಡಿದೆ. ಗಾಳಿ ಮೆಲ್ಲಗೆ ಶುರುವಾಗಿ ಆಮೇಲೆ ಏರುವಂತೆ ಮಿಷನ್ನಿನಲ್ಲಿ ಗುಂಡಿ ಇದೆ, ಅದನ್ನು ಒತ್ತಿ, ಹಗಲಲ್ಲಿ ಎಚ್ಚರವಿದ್ದಾಗ ಅರ್ಧ ಗಂಟೆ ಹಾಕಿ ಏನಾದರೂ ಕೈಕೆಲಸ ಮಾಡಿಸಿ, ಅಭ್ಯಾಸವಾಗುತ್ತದೆ ಎಂದ. ಹಾಗೆ ಹಮ್ಮಣ್ಣ ಮುಖವಾಡ ಹಾಕಿಕೊಂಡು ಜಗಲಿಯಲ್ಲಿ ಬಲೆಯ ತೂತು ಹೊಲಿಯಲು ಕೂತ. ಎರಡನೇ ದಿನಕ್ಕೆ ಕೊಪ್ಪದ ಅರ್ಧ ಜನ ಜಗಲಿಯಲ್ಲಿದ್ದರು. ನಾಲ್ಕನೇ ದಿನ ಬಾಯ್ತುಂಬ ಎಲೆಯಡಿಕೆ ಇದ್ದ ಕುಪ್ಪಜ್ಜ, ನೋಡುವಾ ಎಂದು ಅದನ್ನು ತನ್ನ ಮುಖಕ್ಕೆ ಹಾಕಿಕೊಂಡ. ಗಾಳಿ ನುಗ್ಗಿ ಕೆಮ್ಮಿದ, ಮುಖವಾಡದ ತುಂಬ ಕೆಂಪು.

ನನಗೆ ಪಿತ್ತ ನೆತ್ತಿಗೇರಿತು. ಕುಪ್ಪಜ್ಜನಿಗೂ ಬೈದೆ, ಕೊಟ್ಟದ್ದಕ್ಕೆ ಹಮ್ಮಣ್ಣನಿಗೂ ಬೈದೆ, ಸುಮ್ಮನೆ ನಿಂತ ಲಕ್ಕಿ ಅತ್ತಿಗೆಗೂ ಬೈದೆ. ಸೋಪಿನ ನೀರಿನಲ್ಲಿ ಮುಖವಾಡ ತೊಳೆದು ನೆರಳಿಗೆ ಆರಲು ಹಾಕಿ, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. "ದಿನಾ ರಾತ್ರಿ ಹಾಕಬೇಕು. ಒಂದು ರಾತ್ರಿಯೂ ಬಿಡಬಾರದು. ಹಗಲಿನಲ್ಲಿ ಮುಟ್ಟಬಾರದು." ಮುಟ್ಟಬಾರದು ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಹಮ್ಮಣ್ಣ ಮೂರನೇ ಇಯತ್ತೆ ಓದಿದವನು, ಅಕ್ಷರ ಕೂಡಿಸಿ ಓದುತ್ತಾನೆ. ಬೆರಳಿಟ್ಟು ಎಲ್ಲವನ್ನೂ ಓದಿ "ಆತು" ಎಂದ.

ಮೇ ತಿಂಗಳು ಚೆನ್ನಾಗಿತ್ತು. ಬೇಸಿಗೆಯಲ್ಲಿ ಜಂತ್ರಡಿಗೆ ರಾತ್ರಿಯ ಕಾವಲಿಲ್ಲ, ಅವನು ಮನೆಯಲ್ಲೇ ಮಲಗುತ್ತಿದ್ದ. ಎರಡು ವಾರದಲ್ಲಿ ಮುಖದ ಊತ ಇಳಿಯಿತು, ತೂಕಡಿಕೆ ಹೋಯಿತು. ಎಷ್ಟೋ ವರ್ಷದ ಮೇಲೆ ಕನಸು ಬಿತ್ತು ಎಂದು ಮಗುವಿನಂತೆ ಹೇಳಿದ. ಗೊರಕೆ ಇಲ್ಲದ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಲಕ್ಕಿ ಅತ್ತಿಗೆ ದೂರಿದಳು, ಆದರೂ ಅವಳ ಕಣ್ಣಿನ ಕೆಳಗಿನ ಕಪ್ಪು ಕಡಿಮೆಯಾಯಿತು. ಊರಿನವರ ಮುಂದೆ ನಾನು ಎದೆ ಉಬ್ಬಿಸಿ ತಿರುಗಿದೆ.

ಜೂನಿನಲ್ಲಿ ಮಳೆ ಹಿಡಿಯಿತು, ಕಗ್ಗ ಭತ್ತ ಬಿತ್ತಿದೆವು, ಹಮ್ಮಣ್ಣ ಕಟ್ಟೆಗೆ ಹೋದ. ತಿಂಗಳ ಕೊನೆಗೆ ಅವನು ಮತ್ತೆ ತೂಗುತ್ತಿದ್ದ. ಕಣ್ಣು ಕೆಂಪು, ಮುಖ ಬಾತುಕೊಂಡಿತ್ತು. ನನ್ನ ಜಗಲಿಯಲ್ಲಿ ಚಹಾದ ಲೋಟ ಅವನ ಕೈಯಿಂದ ಜಾರಿ ಬಿತ್ತು. ನೇರ ಅವನ ಮನೆಗೆ ನಡೆದು ಮಿಷನ್ ಚಾಲು ಮಾಡಿದೆ, ಸಂಜಯ ಫೋನಿನಲ್ಲಿ ಹೇಳಿದಂತೆ ಗುಂಡಿ ತಿರುಗಿಸಿ ಓದಿದೆ. ಕಳೆದ ಎರಡು ವಾರ, ದಿನಕ್ಕೆ ಸರಾಸರಿ ಒಂದು ಗಂಟೆ ಐವತ್ತು ನಿಮಿಷ.

"ಎರಡು ಗಂಟೆನೂ ಹಾಕೂದಿಲ್ಲ ನೀನು. ನನ್ನ ಹತ್ರ ಸುಳ್ಳು ಹೇಳ್ತಿಯ?"

"ಇಲ್ಲ ಉಮಾ. ಒಂದ್ ರಾತ್ರಿನೂ ಬಿಡ್ಲಿಲ್ಲ ನಾ."

"ಹೌದೆ, ಬಿಡ್ಲಿಲ್ಲ. ನಾನೇ ನೋಡಿದ್ದೆ" ಎಂದಳು ಅತ್ತಿಗೆ.

"ಮಿಷನ್ನೇ ಹೇಳ್ತದೆ, ನೀವಿಬ್ರೂ ಸೇರಿ ನಂಗೆ ಕತೆ ಹೇಳೂದು ಬ್ಯಾಡ."

"ಉಮಾ, ಹಗಲಿಗೆ…" ಎಂದು ಹಮ್ಮಣ್ಣ ಏನೋ ಹೇಳಲು ಹೊರಟ.

"ಎಂತದೂ ಹೇಳ್ಬ್ಯಾಡ. ಬೇಕಾದ್ರೆ ಹಾಕು, ಬ್ಯಾಡಾದ್ರೆ ಸಾಯಿ. ನಾ ಇನ್ನು ಈ ಮನೆ ಹೊಸ್ತಿಲು ದಾಟೂದಿಲ್ಲ."

ಸಾಯಿ ಎಂದೆ. ಈ ಬಾಯಿಂದಲೇ ಅಂದೆ. ಅವನು ತಲೆ ತಗ್ಗಿಸಿ ಎದ್ದು ಕಟ್ಟೆಗೆ ಹೋದ. ಹನ್ನೆರಡು ದಿನ ನಾನು ಬೇಲಿಯ ಆಚೆ ನೋಡಲಿಲ್ಲ.

ಹದಿಮೂರನೆಯ ದಿನ ಅಮಾವಾಸ್ಯೆ. ಆ ವಾರ ಮಳೆ ಕೈಕೊಟ್ಟು, ಗದ್ದೆಯಲ್ಲಿ ಸಿಹಿನೀರು ಕಡಿಮೆಯಿತ್ತು, ಸಸಿ ಇನ್ನೂ ಗೇಣುದ್ದ, ಉಪ್ಪುನೀರು ತಾಳುವಷ್ಟು ಬೆಳೆದಿರಲಿಲ್ಲ. ಕಟ್ಟೆಯ ಆ ತುದಿಯ ಮನೆಯಲ್ಲಿ ಒಬ್ಬಳು ಬಸುರಿ. ಅವಳಿಗೆ ಕಬ್ಬಿಣದ ಮಾತ್ರೆ ಕೊಡಲು ಒಂಬತ್ತೂವರೆಗೆ ಕಟ್ಟೆಯ ಮೇಲೆ ಹೊರಟೆ. ಬಿಸಿಲು ಬಿದ್ದಿತ್ತು. ಜಂತ್ರಡಿ ಹತ್ತಿರವಾದಂತೆ ನೀರಿನ ಸದ್ದು ಕೇಳಿತು, ಇರಬಾರದ ಹೊತ್ತಿನಲ್ಲಿ. ಅಮಾವಾಸ್ಯೆಯ ದಿನ ಎಂಟು ಗಂಟೆಗೆಲ್ಲ ಹಲಗೆ ಇಳಿದಿರಬೇಕು. ಬಗ್ಗಿ ನೋಡಿದೆ. ಏಳೂ ಹಲಗೆ ಕಟ್ಟೆಯ ಮೇಲೆ ಸಾಲಾಗಿ ಬಿದ್ದಿದ್ದವು. ಹೊಳೆಯ ನೀರು ನೊರೆ ಕಟ್ಟಿಕೊಂಡು ಗದ್ದೆಯ ಒಳಗೆ ನುಗ್ಗುತ್ತಿತ್ತು.

ಹಮ್ಮಣ್ಣ ನೀರಿಗೆ ಬಿದ್ದ ಎಂದೇ ನನಗೆ ಮೊದಲು ಅನಿಸಿದ್ದು. ನೊರೆಯಲ್ಲಿ ಅವನ ಕೆಂಪು ಮುಂಡಾಸು ಹುಡುಕಿದೆ. ಹೆಸರು ಕೂಗಲು ಬಾಯಿ ತೆಗೆದರೆ ಸ್ವರ ಬರಲಿಲ್ಲ. ಊರೆಲ್ಲ ಹೆದರುವ ಸ್ವರ ಅದು, ಬೇಕಾದಾಗ ಬರಲಿಲ್ಲ. ಗುಡಿಸಲಿಗೆ ಓಡಿದೆ.

ಅಲ್ಲಿದ್ದ. ಹಲಗೆ ಇಳಿಸುವ ಹೊತ್ತಿಗೆ ಕಾದು ಕೂತವನು ಹಾಗೇ ಅಂಗಾತ ಒರಗಿದ್ದ. ಕೈಯಲ್ಲಿ ಹಲಗೆ ಎಳೆಯುವ ಕಬ್ಬಿಣದ ಕೊಕ್ಕೆ ಇನ್ನೂ ಇತ್ತು. ಗೊರಕೆ ಇಲ್ಲ. ಎದೆ ಒಮ್ಮೆ ಏರಿ ನಡುಗಿತು, ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿ ಇಲ್ಲ. ತುಟಿ ನೀಲಿ. ಹದಿನಾಲ್ಕು ವರ್ಷದ ತರಬೇತಿಯಲ್ಲಿ ಏನೇನು ಕಲಿಸಿದ್ದರೋ ಒಂದೂ ನೆನಪಾಗಲಿಲ್ಲ. ನನ್ನ ತಲೆಯಲ್ಲಿ ನಟ್ಟಿಯ ಹಾಡು ತನ್ನಷ್ಟಕ್ಕೆ ಶುರುವಾಯಿತು. ಒಂದು ಸೊಲ್ಲು. ಎರಡು. ಮೂರಕ್ಕೆ ನಾನು ಅವನ ಭುಜ ಹಿಡಿದು ಅಲುಗಿಸುತ್ತಿದ್ದೆ, ದೊಡ್ಡ ಮೈ, ಅಲುಗಲೇ ಇಲ್ಲ. ನಾಲ್ಕು. ಸಾಯಿ ಎಂದಿದ್ದೆನಲ್ಲ, ಅದು ಹಾಡಿನ ನಡುವೆ ಬಂದು ನಿಂತಿತು. ಐದನೆಯ ಸೊಲ್ಲು ಅರ್ಧವಾಗಿತ್ತು, ಎರಡೂ ಕೈಯಿಂದ ಅವನ ಕೆನ್ನೆಗೆ ಬಾರಿಸಿದೆ.

ಗಕ್ ಎಂದು ಉಸಿರೆಳೆದ. ಗುಡಿಸಲಿನ ಗಾಳಿಯೆಲ್ಲ ಒಳಗೆ ಹೋದಂತೆ ಎಳೆದ. ಕಣ್ಣು ಬಿಟ್ಟು ನನ್ನನ್ನು ನೋಡಲಿಲ್ಲ, ನೀರಿನ ಸದ್ದು ಕೇಳಿದ. ಎದ್ದು ಓಡಿ ಹೋಗಿ ಜಂತ್ರಡಿಯ ಬಾಯಿಗೆ ಇಳಿದ. ಸೊಂಟದ ಮೇಲೆ ನೀರು, ಒಳಕ್ಕೆ ಎಳೆಯುತ್ತಿತ್ತು. ನಾನು ಮೇಲಿನಿಂದ ಹಲಗೆ ಕೊಟ್ಟೆ, ಅವನು ಭುಜ ಕೊಟ್ಟು ಒತ್ತಿ ಕೂರಿಸಿದ. ಎರಡನೆಯ ಹಲಗೆಗೆ ಅವನ ಕಾಲು ಜಾರಿ ತಲೆ ನೀರೊಳಗೆ ಹೋಯಿತು. ಕೆಮ್ಮುತ್ತ ಎದ್ದು ಮತ್ತೆ ಕೈ ಚಾಚಿದ. ಏಳನೆಯ ಹಲಗೆ ಕೂರುವಷ್ಟರಲ್ಲಿ ಬಾಯಿಯ ಹತ್ತಿರದ ಎರಡು ಗದ್ದೆಯ ಸಸಿ ಪೂರ್ತಿ ಮುಳುಗಿತ್ತು.

ಕಟ್ಟೆಯ ಮೇಲೆ ಇಬ್ಬರೂ ಕೂತು ಏದುಸಿರು ಬಿಟ್ಟೆವು. ಅವನು ಅಳುತ್ತಿದ್ದ. ಅಪ್ಪ ಸತ್ತಾಗಲೂ ನಾನು ನೋಡದ ಅಳು.

"ಮಿಷನ್ ಎಲ್ಲಿ ಅಣ್ಣ?"

"ಮನೇಲಿ."

"ಇಲ್ಲಿ ಎಂತಕ್ಕೆ ತರ್ಲಿಲ್ಲ? ನಿದ್ದೆ ಮಾಡೂದು ಇಲ್ಲಿ ಅಲ್ದ?"

ಅವನು ನನ್ನ ಮುಖ ನೋಡಿದ. ಸುಳ್ಳು ಹೇಳುವವನ ಕಣ್ಣಲ್ಲ ಅದು.

"ರಾತ್ರಿ ಹಾಕ್ತೆ ನಾ. ದಿನಾ ಉಂಡ್ಕಂಡು, ಕಟ್ಟೆಗೆ ಹೊರಡೂ ತನಕ ಹಾಕ್ಕಂಡು ಕೂತ್ಕಳ್ತೆ. ಎರಡು ತಾಸು ಆತದೆ. ಹಗಲು ಮುಟ್ಟೂಕಾಗ ಅಂತ ನೀ ಬರ್ದದ್ದು ಅಲ್ದ."

ನಿದ್ದೆ ಇಲ್ಲದ ರಾತ್ರಿಯಲ್ಲಿ ಎಚ್ಚರವಾಗಿ ಗೋಡೆಗೆ ಒರಗಿ, ಮುಖವಾಡ ಹಾಕಿಕೊಂಡು, ನಾನು ಬರೆದ ಅಕ್ಷರ ನೋಡುತ್ತ ಕೂತಿರುತ್ತಿದ್ದನಂತೆ. ಆಮೇಲೆ ಅದನ್ನು ಬಿಚ್ಚಿ, ಬಟ್ಟೆ ಸುತ್ತಿಟ್ಟು, ಕಟ್ಟೆಗೆ ಹೋಗಿ, ಹಗಲು ಗುಡಿಸಲಿನಲ್ಲಿ ಬರೀ ಮೂಗಿನಲ್ಲಿ ಮಲಗಿ ಗಂಟೆಗೆ ಐವತ್ತು ಸಲ ಉಸಿರು ಕಳೆದುಕೊಳ್ಳುತ್ತಿದ್ದ. ಮಲಗುವಾಗೆಲ್ಲ ಎಂದು ಸಂಜಯ ಹೇಳಿದ್ದ. ರಾತ್ರಿ ಎಂದು ಬರೆದವಳು ನಾನು. ಹುಟ್ಟಿದಾಗಿನಿಂದ ಬೇಲಿಯ ಈಚೆ ಇದ್ದು, ಅವನ ನಿದ್ದೆ ಯಾವಾಗ ಎಂದು ತಿಳಿದೂ, ಆಫೀಸಿಗೆ ಹೋಗುವವರಿಗೆ ಬರೆದಂತೆ ಬರೆದಿದ್ದೆ.

ಸಂಜೆ ಗದ್ದೆಯವರ ಸಭೆ ಸೇರಿತು. ದೋಣಿ ಇರುವ ಕಮಲಾಕರ ಅದರ ಮುಖ್ಯಸ್ಥ. ಮುಳುಗಿದ ಗದ್ದೆಯಲ್ಲಿ ಒಂದು ಅವನದೇ. ಇನ್ನು ಬೇರೆಯವರನ್ನು ನೋಡಬೇಕು ಎಂದು ಯಾರೋ ಹೇಳಿದರು. ಹಮ್ಮಣ್ಣ ಕೊಕ್ಕೆಯನ್ನು ಕಮಲಾಕರನ ಕಾಲ ಬಳಿ ಇಟ್ಟು ನಿಂತ. ನಾನು ಗೋಡೆಯಿಂದ ಕಿತ್ತು ತಂದ ಹಾಳೆಯನ್ನು ಅದರ ಮೇಲೆ ಇಟ್ಟೆ, ತಪ್ಪು ಯಾರದು ಎಂದು ಎಲ್ಲರೆದುರು ಹೇಳಿದೆ. ಕಮಲಾಕರ ಹಾಳೆಯನ್ನು ಎರಡು ಸಲ ಓದಿ ಮಡಚಿದ. "ಗುಡಿಸಲಿಗೆ ಕರೆಂಟಿಲ್ಲ. ದೋಣಿ ಬ್ಯಾಟ್ರಿಯಲ್ಲಿ ಮಿಷನ್ ನಡೀತದಾ ಕೇಳು" ಎಂದ.

ನಡೆಯುತ್ತದೆ ಎಂದ ಸಂಜಯ. ಆದರೆ ವಯರು ಕಿತ್ತು ಸಿಕ್ಕಿಸುವುದಲ್ಲ, ಅದಕ್ಕೇ ಬೇರೆ ಜೋಡಣೆ ಬರುತ್ತದೆ ಎಂದು ಎರಡು ದಿನದಲ್ಲಿ ತಂದುಕೊಟ್ಟ. ತೊಟ್ಟಿಯ ಬಿಸಿ ಆರಿಸಿಟ್ಟರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದ. ಆ ಎರಡು ದಿನ ಹಮ್ಮಣ್ಣ ಮನೆಗೇ ಬಂದು ಮಿಷನ್ ಹಾಕಿಕೊಂಡು ಮಲಗಿದ, ನಾನೂ ಅತ್ತಿಗೆಯೂ ಪಾಳಿಯಲ್ಲಿ ಪಕ್ಕ ಕೂತೆವು. ಪಾಳಿ ಬದಲಿಸುವಾಗ ನಾನು ಅವಳನ್ನು ಕೇಳಿದೆ.

"ಅತ್ತಿಗೆ, ನಿಂಗೆ ಗೊತ್ತಿತ್ತಲ್ಲ, ಹಗಲು ಮಲಗ್ತಾ ಅಂತ. ನಂಗೆ ಒಂದು ಮಾತು ಹೇಳೂಕೆ ಆಗ್ಲಿಲ್ಲ?"

ಅವಳು ಅವನ ಎದೆಯ ಮೇಲಿನ ಕೈ ತೆಗೆಯದೆ ಹೇಳಿದಳು. "ನಾ ಇವಂಗೆ ಹೇಳ್ದೆ, ಹಗಲೂ ಹಾಕೂದ ಅಂತ ಉಮನ ಕೇಳು ಅಂತ. ಬ್ಯಾಡ, ಕೇಳಿದ್ರೆ ಬಯ್ತದೆ ಅಂದ. ನಂಗೂ ಹಾಂಗೇ ಕಂಡ್ತು."

ಅವನಿಗೆ ಹೊಳೆಯ ಹೆದರಿಕೆ ಇರಲಿಲ್ಲ, ಕತ್ತಲೆಯ ಹೆದರಿಕೆ ಇರಲಿಲ್ಲ. ನನ್ನ ಬಾಯಿಯ ಹೆದರಿಕೆ ಇತ್ತು. ಅದಕ್ಕೆ ಹೆದರಿ ಉಸಿರು ನಿಲ್ಲಿಸಿಕೊಂಡು ಮಲಗಿದ.

ಮುಂದಿನ ಹುಣ್ಣಿಮೆಗೆ ಹತ್ತು ಗಂಟೆಗೆ ಗುಡಿಸಲಿಗೆ ಹೋದೆ. ಏಳೂ ಹಲಗೆ ಇಳಿದಿದ್ದವು. ಆಚೆ ಹೊಳೆ ತುಂಬಿ ನಿಂತಿತ್ತು, ಈಚೆ ಎರಡು ಗದ್ದೆಯ ಕಗ್ಗ ಅಲ್ಲಲ್ಲಿ ಮಾತ್ರ ಹಸಿರು. ಒಳಗೆ ಬ್ಯಾಟರಿಯ ಪಕ್ಕ ಮಿಷನ್ನಿನ ಸಣ್ಣ ಸದ್ದು. ಹಮ್ಮಣ್ಣ ಮಗ್ಗುಲಾಗಿ ಮಲಗಿದ್ದ, ಎಣ್ಣೆಯಿಲ್ಲದ ಮುಖಕ್ಕೆ ಮುಖವಾಡ ಸರಿಯಾಗಿ ಕೂತಿತ್ತು. ನಾನು ಹೊಸ್ತಿಲಲ್ಲಿ ಕೂತು ಮನಸ್ಸಿನಲ್ಲೇ ಹಾಡು ಶುರುಮಾಡಿದೆ. ಎಷ್ಟು ಸಲ ಶುರುಮಾಡಿದರೂ ಅರ್ಧ ಸೊಲ್ಲಿಗಿಂತ ಮುಂದೆ ಹೋಗಲಿಲ್ಲ. ಆದರೂ ನಿಲ್ಲಿಸಲು ಧೈರ್ಯ ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಇಳಿತಕ್ಕೆ ಹಲಗೆ ಎತ್ತುವ ಹೊತ್ತಿಗೆ, ಯಾರೂ ಎಬ್ಬಿಸದೆ ಅವನೇ ಎದ್ದ. ಮುಖವಾಡ ಬಿಚ್ಚಿ, ನನ್ನನ್ನು ನೋಡಿ, ಸ್ವಲ್ಪ ಹಿಂದೆ ಸರಿದು ಕೂತ.

"ಉಮಾ, ಒಂದು ಕೇಳೂದಿತ್ತು. ಬಯ್ಯೂಕಾಗ."

"ಕೇಳು ಅಣ್ಣ."

"ಶೀತ ಆಗಿ ಮೂಗು ಕಟ್ಟಿದ್ರೆ ಆಗ್ಲೂ ಇದನ್ನ ಹಾಕೂದ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹಾಕಬೇಕು ಎಂದೋ ಬೇಡ ಎಂದೋ, ಎರಡರಲ್ಲಿ ಒಂದನ್ನು ಜೋರಾಗಿ ಹೇಳಿಬಿಡುತ್ತಿದ್ದೆ. ಬಾಯಿ ಮುಚ್ಚಿ ಅವನ ಮುಖ ನೋಡಿದೆ.

"ನಂಗೆ ಗೊತ್ತಿಲ್ಲ ಅಣ್ಣ" ಎಂದೆ. ಫೋನು ತೆಗೆದು ಸಂಜಯನ ನಂಬರು ಒತ್ತಿ ಅವನ ಕೈಯಲ್ಲೇ ಕೊಟ್ಟೆ. "ನೀನೇ ಕೇಳು."